ಅಂಗಡಿ ಬರಹಕ್ಕೆ ವಿಷಯ ಮುಗಿಯಿತು ಎಂದ ತಂಗಿಗೆ

ಕುಮಟಾ

ಪ್ರೀತಿಯ ತಂಗಿ,

ನಿನ್ನ ಪತ್ರವೂ ಜೊತೆಗಿದ್ದ 11 ಬರಹಗಳೂ ತಲುಪಿದವು. ‘ಗಿರಾಕಿಗಳಿಗೆ ವಾರಕ್ಕೊಂದು ಬರೆದು ಕಳಿಸುತ್ತಿದ್ದೆ. ಈಗ ವಿಷಯವೇ ಮುಗಿದುಹೋಯಿತು. ನನಗೆ ಬರೆಯಲು ಬರುವುದಿಲ್ಲ ಅಂತ ಅಪ್ಪನಿಗೆ ಹೇಳಿಬಿಡುತ್ತೇನೆ’ ಎಂದಿದ್ದೀಯಲ್ಲ, ಓದಿ ಸಂಕಟವಾಯಿತು. ಹಾಗೆ ಹೇಳಬೇಡ. ಸ್ವಲ್ಪ ತಡಿ.

ಬರಹ ಎಷ್ಟುದ್ದ ಇರಬೇಕು, ಫೋಟೋ ಎಲ್ಲಿ ಹಾಕಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ, ಒಂದು ಮಧ್ಯಾಹ್ನ ಸಾಕು. ನಾನು ಹೇಳಬೇಕಾದ್ದು ಬೇರೆ.

ಹೋದ ಸಲ ಶಿರಸಿಗೆ ಬಂದಾಗ ನಿಮ್ಮ ಅಂಗಡಿಯ ಬೆಂಚಿನ ಮೇಲೆ ಅರ್ಧ ತಾಸು ಕೂತಿದ್ದೆ, ನೆನಪಿದೆಯಾ? ಹುಬ್ಬಳ್ಳಿ ಕಡೆಯ ಹೆಂಗಸೊಬ್ಬರು ಬಂದರು. ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನ ಉಪ್ಪಿನಕಾಯಿಯ ಬಾಟ್ಲಿ ಹಿಡಿದು, ‘ನಾವೂ ಮನ್ಯಾಗ ಹಾಕಿದ್ವಿ, ಎಲ್ಲಾ ಮೆತ್ತಗಾಗಿ ಹೋದ್ವು. ನಿಮ್ಮದ್ಯಾಕ ಗಟ್ಟಿ ಇರ್ತೈತಿ?’ ಎಂದು ಕೇಳಿದರು. ನೀನು ತಕ್ಕಡಿ ಬಿಟ್ಟು ಅವರ ಕಡೆ ತಿರುಗಿದೆ. ಒಳಗೆ ಗೊರಟು ಬಲಿಯುವ ಮೊದಲೇ ಮಿಡಿ ಕೊಯ್ಯಬೇಕು ಅಂದೆ. ಕೊಂಬೆ ಅಲ್ಲಾಡಿಸಿ ಉದುರಿಸಬಾರದು, ಮರ ಹತ್ತಿ ಕೈಯಲ್ಲೇ ಬಿಡಿಸಬೇಕು, ತೊಟ್ಟು ಉಳಿಸಬೇಕು. ತೊಟ್ಟು ಕಿತ್ತರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳವೂ ಹೋಯಿತು. ನೆಲಕ್ಕೆ ಬಿದ್ದು ಪೆಟ್ಟಾದ ನಾಲ್ಕು ಮಿಡಿ ಸೇರಿದರೂ ಭರಣಿಯೆಲ್ಲ ಕೆಡುತ್ತದೆ ಅಂದೆ. ಮಾತಾಡುತ್ತಲೇ ಉಪ್ಪುನೀರಿನಿಂದ ಒಂದು ಮಿಡಿ ಎತ್ತಿ, ತೊಟ್ಟು ಹಿಡಿದು, ಉಗುರಿನಿಂದ ಅದುಮಿ ತೋರಿಸಿದೆ. ಉಗುರು ಒಳಗೆ ಇಳಿಯಲಿಲ್ಲ. ಅವರು ಎರಡು ಬಾಟ್ಲಿ ತಗೊಂಡು ಹೋದರು.

ಇದರಲ್ಲಿ ಒಂದು ಸಾಲೂ ನಿನ್ನ 11 ಬರಹಗಳಲ್ಲಿ ಇಲ್ಲ. ಯಾಕೆ ತಂಗಿ? ಅಪ್ಪೆಮಿಡಿಯ ಬರಹ ‘ಪ್ರಕೃತಿಯ ಮಡಿಲಲ್ಲಿ ಬೆಳೆದ’ ಎಂದು ಶುರುವಾಗುತ್ತದೆ. ಜೇನಿನದೂ ಹಾಗೇ, ಮುರುಗಲಿನದೂ (ಕೋಕಂ) ಹಾಗೇ. ನನಗೆ ಸಿಟ್ಟೇ ಬಂತು. ಬಾಯಲ್ಲಿ ಅಷ್ಟು ಚೆನ್ನಾಗಿ ಹೇಳುವವಳು ಪೆನ್ನು ಹಿಡಿದ ಕೂಡಲೇ ಭಾಷಣಕ್ಕೆ ನಿಂತವರ ಹಾಗೆ ಆಗುತ್ತೀಯ.

ವಿಷಯ ಹುಡುಕಿಕೊಂಡು ಹೋಗಬೇಡ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಡು. ಗಿರಾಕಿ ಕೇಳಿದ್ದನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೋ. ತಿದ್ದಬೇಡ. ‘ಉಪ್ಪಿನಕಾಯಿಯ ಗುಣಮಟ್ಟ’ ಅಂತ ಬರೆದಿಟ್ಟರೆ ನಾಳೆ ಅದರಿಂದ ಏನೂ ಹುಟ್ಟುವುದಿಲ್ಲ. ‘ನಿಮ್ಮದ್ಯಾಕ ಗಟ್ಟಿ ಇರ್ತೈತಿ’ ಅಂತ ಬರೆದಿಟ್ಟರೆ ಆ ಹೆಂಗಸು, ಕೆಟ್ಟುಹೋದ ಅವರ ಭರಣಿ, ನೀನು ಕೊಟ್ಟ ಉತ್ತರ ಎಲ್ಲ ಒಟ್ಟಿಗೆ ಎದ್ದು ಬರುತ್ತದೆ.

2019ರಲ್ಲಿ ಶಿರಸಿ ಸುಪಾರಿಗೆ, ಅಂದರೆ ನಮ್ಮ ಅಡಿಕೆಗೆ, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದರ ಬಗ್ಗೆ ಎರಡು ಪುಟ ಬರೆದಿದ್ದೀಯ. ಹೆಮ್ಮೆಯ ಸಂಗತಿಯೇ, ಆದರೆ ಅದನ್ನು ಯಾರು ಕೇಳಿದ್ದರು? ಹೊರಗಿನಿಂದ ಬಂದವರು ಕೇಳುವುದು ಚಾಲಿ ಯಾವುದು, ಕೆಂಪಡಿಕೆ ಯಾವುದು ಅಂತ. ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿ ಸುಲಿದರೆ ಚಾಲಿ. ಹಸಿಯಿರುವಾಗಲೇ ಸುಲಿದು, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ನಿನಗೆ ಇದು ಸುಮ್ನೆ ಗೊತ್ತಿರುವ ವಿಷಯ, ಅದಕ್ಕೇ ಬರೆಯುವಂಥದ್ದು ಅನ್ನಿಸಿಲ್ಲ. ಮುರುಗಲು ಮತ್ತು ಉಪ್ಪಾಗೆ, ಈ ಎರಡು ಹುಳಿಹಣ್ಣುಗಳು ಒಂದೇನಾ ಅಂತ ಎಷ್ಟು ಜನ ಕೇಳಿಲ್ಲ ಹೇಳು? ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ಒಂಬತ್ತು ದಿನ ಅಂಗಡಿಯಲ್ಲಿ ನಿಂತರೆ ಆ ನೋಟ್‌ಬುಕ್ಕೇ ಸಾಲುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಿನ್ನಷ್ಟೇ ವಯಸ್ಸಿದ್ದಾಗ ಜೇನು ಮಾರುವವರೊಬ್ಬರಿಗೆ ಒಂದು ಕರಪತ್ರ ಬರೆದುಕೊಟ್ಟೆ. ‘ಶುದ್ಧ ಜೇನು ಎಂದಿಗೂ ಗಟ್ಟಿಯಾಗುವುದಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಸಾಲು ಕೇಳಲು ಚೆನ್ನಾಗಿತ್ತು. ಯಾರನ್ನೂ ಕೇಳಿರಲಿಲ್ಲ. ಆ ಚಳಿಗಾಲದಲ್ಲಿ ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕುತ್ತಿದ್ದ ಅಜ್ಜ ಒಬ್ಬರು ಮನೆಗೆ ಬಂದರು. ಒಂದು ಕೈಯಲ್ಲಿ ನನ್ನ ಕರಪತ್ರ, ಇನ್ನೊಂದರಲ್ಲಿ ಹರಳುಗಟ್ಟಿದ ಜೇನಿನ ಬಾಟ್ಲಿ. ಸಕ್ಕರೆ ಬೆರೆಸಿದ್ದೀರಿ ಅಂತ ಗಿರಾಕಿಗಳು ವಾಪಸ್ ಕೊಟ್ಟಿದ್ದರು. ಅವರು ಬೈಯಲಿಲ್ಲ. ‘ನೀವು ಒಂದು ಮಾತು ಕೇಳಬಹುದಿತ್ತು’ ಅಂದರು, ಅಷ್ಟೇ. ಗ್ಲೂಕೋಸ್ ಜಾಸ್ತಿ ಇರುವ ಜೇನು ಬೇಗ ಹರಳುಗಟ್ಟುತ್ತದೆ, 14 ಡಿಗ್ರಿ ಆಸುಪಾಸಿನ ತಂಪಿನಲ್ಲಿ ಇನ್ನೂ ಬೇಗ, ಬೆಚ್ಚಗಿನ ನೀರಲ್ಲಿ ಬಾಟ್ಲಿ ಇಟ್ಟರೆ ಮತ್ತೆ ಕರಗುತ್ತದೆ ಎಂದು ಆಮೇಲೆ ಕಲಿತೆ. ಅಷ್ಟರಲ್ಲಿ ಅಜ್ಜ ಪೆಟ್ಟಿಗೆಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಆಮೇಲೆ ಎಷ್ಟೋ ಬರೆದೆ. ಆ ಒಂದು ಸಾಲನ್ನು ಮಾತ್ರ ವಾಪಸ್ ತಗೊಳ್ಳಲು ಆಗಲಿಲ್ಲ.

ಅದಕ್ಕೇ ಹೇಳುತ್ತೇನೆ, ವ್ಯಾಪಾರಕ್ಕೆ ಪೆಟ್ಟು ಬೀಳುವ ಪ್ರಶ್ನೆಯನ್ನೂ ನೋಟ್‌ಬುಕ್ಕಿನಿಂದ ಬಿಡಬೇಡ. ಹುಟ್ಟಿದ ಮಗುವಿಗೆ ನೆಕ್ಕಿಸಲು ಜೇನು ಕೊಡಿ ಅಂತ ಕೇಳಿಕೊಂಡು ಬರುತ್ತಾರೆ ಅಲ್ವಾ? ವರ್ಷ ತುಂಬುವವರೆಗೆ ಬೇಡ ಅಂತಲೇ ಬರೆ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಅಷ್ಟು ಎಳೆಯ ಕರುಳಲ್ಲಿ ಮೊಳೆತು ವಿಷ ಉಂಟುಮಾಡಬಹುದು. ಒಂದು ಬಾಟ್ಲಿ ಕಡಿಮೆ ಹೋಗಲಿ. ಅಪ್ಪ ಬೇಸರ ಮಾಡಿಕೊಂಡರೆ ನನ್ನ ಹೆಸರು ಹೇಳು, ನಾನೇ ಮಾತಾಡುತ್ತೇನೆ.

ನೋಟ್‌ಬುಕ್ಕಿಗೆ ಮೊದಲ ಪ್ರಶ್ನೆ ನನ್ನದೇ ಇರಲಿ. ನಿಮ್ಮಲ್ಲಿ ತಂದ ಜೋನಿಬೆಲ್ಲದ (ದ್ರವ ಬೆಲ್ಲ) ಡಬ್ಬಿಯ ತಳದಲ್ಲಿ ಬೆರಳುದ್ದ ಹರಳು ಕೂತಿದೆ, ಮೇಲೆ ತೆಳ್ಳಗೆ ನೀರಾಗಿದೆ. ದೋಸೆಗೆ ಹಾಕಿಕೊಳ್ಳುವಾಗ ದಿನಾ ನೋಡುತ್ತೇನೆ. ಅದು ಪಾಕ ಹೆಚ್ಚಾಗಿದ್ದಾ, ಕಬ್ಬಿನ ಗುಣವಾ? ಬೆಲ್ಲ ಕಾಯಿಸುವ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವರನ್ನೇ ಕೇಳಿ ಬರೆ. ಕಾಯುತ್ತಿರುತ್ತೇನೆ.

ನಿನ್ನ,
ಕುಮಟೆಯ ಅಣ್ಣ