ಜಲಪಾತದ ಚಿತ್ರಕ್ಕೆ ಹೊಳವಾಗಬೇಕು

ಮಾನ್ಯರೇ,

ಮಳೆಗಾಲ ಹಿಡಿಯಿತೆಂದರೆ ಪತ್ರಿಕೆಗಳ ತುಂಬ ಹಾಲು ಸುರಿದಂಥ ಜಲಪಾತಗಳ ಚಿತ್ರಗಳು. ಅವನ್ನು ನೋಡಿ ಜಡಿಮಳೆಯಲ್ಲೇ ಕ್ಯಾಮೆರಾ ಹೆಗಲಿಗೇರಿಸಿ ಕಾಡು ಹೊಕ್ಕವರಿಗೆ ಸಿಗುವುದು ಕೆಂಪು ರಾಡಿ ನೀರು, ಕಾಲಿಗೆ ಉಂಬಳ, ಒದ್ದೆ ಲೆನ್ಸ್. ಅಂಥ ಚಿತ್ರ ಬರುವುದು ಮಳೆ ಹೊಳವಾದ ಮೇಲೆ.

ಯಲ್ಲಾಪುರ ಬಳಿಯ ಸಾತೊಡ್ಡಿ ಜಲಪಾತದಂಥ ಕಡೆ ಹೊಳವಾಗಿ ಒಂದೆರಡು ದಿನ ಕಾದರೆ ಮಣ್ಣು ಇಳಿದು ನೀರಿಗೆ ಬಿಳುಪು ಬರುತ್ತದೆ, ಹರಿವೂ ಅಷ್ಟಾಗಿ ತಗ್ಗಿರುವುದಿಲ್ಲ. 253 ಮೀಟರ್ ಧುಮುಕುವ ಜೋಗದ ಲೆಕ್ಕ ಬೇರೆ. ಅಲ್ಲಿಗೆ ಹೊರಡುವ ಮುಂಚೆ ಮೋಡ ನೋಡಿದರೆ ಸಾಲದು, ಅದರ ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ ನೋಡಬೇಕು. ಜಲಾಶಯ ತನ್ನ ಗರಿಷ್ಠ ಮಟ್ಟ 1,819 ಅಡಿ ಸಮೀಪಿಸಿ ಗೇಟು ತೆರೆದಾಗಿನ ಅಬ್ಬರವೇ ಬೇರೆ.

ಹೆಚ್ಚಿನವರು ಎಡವುವುದು ಶಟರ್ ವೇಗದಲ್ಲಿ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತಿನಲ್ಲಿ. ಒಂದು, ಎರಡು ಸೆಕೆಂಡ್ ತೆರೆದಿಟ್ಟರೆ ಬೇಸಿಗೆಯ ತೆಳು ಧಾರೆ ರೇಷ್ಮೆಯಂತೆ ಕಾಣುತ್ತದೆ, ನಿಜ. ತುಂಬಿದ ಜಲಪಾತವಾದರೆ ಪಂಚೆ ಒಣಹಾಕಿದಂತೆ ಬರೀ ಬಿಳಿ. ನೀರಿನ ಎಳೆ ಉಳಿಯಬೇಕಿದ್ದರೆ ಹತ್ತಿರದ ಜಲಪಾತಕ್ಕೆ 1/15ರಿಂದ 1/4 ಸೆಕೆಂಡ್ ಸಾಕು. ಜೋಗವನ್ನು ದೂರದಿಂದ ತೆಗೆಯುವಾಗ ಚೌಕಟ್ಟಿನಲ್ಲಿ ನೀರಿನ ಚಲನೆ ಚಿಕ್ಕದಾಗುವುದರಿಂದ ಅರ್ಧ ಸೆಕೆಂಡ್‌ವರೆಗೂ ಹೋಗಬಹುದು. ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8ರಿಂದ 11. ಬಿಳಿ ಭಾಗ ಸುಟ್ಟುಹೋಗದಂತೆ ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪ್‌ನಷ್ಟು ಇಳಿಸಿಕೊಳ್ಳಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಚಿತ್ರದಲ್ಲಿ ಕಪ್ಪಾದ ಬಂಡೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಬಹುದು, ಸುಟ್ಟ ಬಿಳುಪನ್ನು ಮರಳಿ ತರಲಾಗದು.

ಒಂದೇ ಫಿಲ್ಟರ್ ಕೊಳ್ಳುವುದಿದ್ದರೆ ಪೋಲರೈಸರ್ ಕೊಳ್ಳಿ. ಮಳೆಯಲ್ಲಿ ತೋಯ್ದ ಎಲೆ, ಬಂಡೆಗಳ ಮೇಲೆಲ್ಲ ಆಕಾಶದ ಬೆಳಕು ಬಿಳಿಚಾಗಿ ಹೊಳೆಯುತ್ತಿರುತ್ತದೆ. ಫಿಲ್ಟರಿನ ಉಂಗುರವನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಆ ಹೊಳಪು ಆರಿ ಹಸಿರು ಮೇಲೇಳುತ್ತದೆ. ಅದು ಒಂದೂವರೆ, ಎರಡು ಸ್ಟಾಪ್ ಬೆಳಕನ್ನು ತಿನ್ನುವುದರಿಂದ ಶಟರ್ ನಿಧಾನವಾಗಲು ಬೇರೆ ಗಾಜು ಬೇಡ.

ಟ್ರೈಪಾಡ್ ಕಾಲನ್ನು ಹರಿಯುವ ನೀರಿನಲ್ಲಿ ಊರಬೇಡಿ, ನಡುಕಕ್ಕೆ ಚಿತ್ರ ಮಸುಕಾಗುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ತುಂತುರು ಎರಚುವಲ್ಲಿ ಫೋಕಸ್ ಮುಗಿಸಿ, ಲೆನ್ಸಿಗೆ ಬಟ್ಟೆ ಮುಚ್ಚಿಟ್ಟು, ಒರೆಸಿದ ಮರುಕ್ಷಣ ಕ್ಲಿಕ್ಕಿಸಬೇಕು. ಒಣ ಮೈಕ್ರೋಫೈಬರ್ ಬಟ್ಟೆ ಮೂರಾದರೂ ಇರಲಿ, ಒಂದು ಹತ್ತು ನಿಮಿಷಕ್ಕೇ ತೊಯ್ದುಹೋಗುತ್ತದೆ. ಏಸಿ ಕಾರಿನಿಂದ ತೆಗೆದ ಕ್ಯಾಮೆರಾದ ಗಾಜಿಗೆ ಹಬೆ ಕಟ್ಟುವುದು ಖಂಡಿತ. ಅರ್ಧ ಗಂಟೆ ಮುಂಚೆಯೇ ಏಸಿ ಆರಿಸಿ, ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟಿರಿ.

ಇನ್ನು, ಚಿತ್ರಕ್ಕಾಗಿ ಹಾವಸೆಗಟ್ಟಿದ ಬಂಡೆಯ ತುದಿಗೆ ಹೋಗುವ ಚಾಳಿ. ಕೊಲ್ಲೂರು ಬಳಿಯ ಅರಿಶಿನಗುಂಡಿಯಲ್ಲಿ 2023ರ ಜುಲೈನಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದದ್ದು ಓದುಗರಿಗೆ ಗೊತ್ತು. ದೂರ ನಿಂತು, ದೂರದ್ದನ್ನು ಹತ್ತಿರ ತೋರುವ 70-200 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಜಲಪಾತದ ಎತ್ತರವೂ ಸುತ್ತಲ ಕಾಡೂ ಚೆನ್ನಾಗಿ ಕೂಡಿಬರುತ್ತವೆ. ತಿಳಿನೀರಿಗೆ ಇದ್ದಕ್ಕಿದ್ದಂತೆ ಕೆಂಪು ತಿರುಗಿದರೆ, ತರಗು ಕಡ್ಡಿಗಳು ತೇಲಿಬರತೊಡಗಿದರೆ ಘಟ್ಟದ ಮೇಲೆ ಮಳೆಯಾಗಿದೆ ಎಂದೇ ಅರ್ಥ. ಟ್ರೈಪಾಡ್ ಮಡಚುತ್ತ ಕೂರದೆ ಹಾಗೇ ಎತ್ತಿಕೊಂಡು ದಡ ಹತ್ತಬೇಕು.

ಪತ್ರಿಕೆಗಳಲ್ಲಿ ಒಂದು ಕೋರಿಕೆ. ಜಲಪಾತದ ಚಿತ್ರದ ಕೆಳಗೆ ತೆಗೆದ ದಿನಾಂಕ ಮುದ್ರಿಸಿ. ಜೋಗದ್ದಾದರೆ ಅಂದು ಗೇಟು ತೆರೆದಿತ್ತೋ ಇಲ್ಲವೋ ಅದನ್ನೂ ಸೇರಿಸಿ. ಆಗಸ್ಟಿನ ಚಿತ್ರವನ್ನು ಜನವರಿಯಲ್ಲಿ ಕಂಡು ಬಸ್ಸು ಹತ್ತಿ ಬರುವವರು ಬಂಡೆ ನೋಡಿ ವಾಪಸಾಗುತ್ತಿದ್ದಾರೆ.

– ಕೆಲವು ಹವ್ಯಾಸಿ ಛಾಯಾಗ್ರಾಹಕರು, ಸಾಗರ