ತರಗೆಲೆಗೆ ಬೆಂಕಿ, ಹುಲ್ಲಿಗೆ ನೀರು

ಮಾನ್ಯರೇ,

ಮಾಗಿಯ ಚಳಿ ಶುರುವಾದಂದಿನಿಂದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಎರಡು ಕೆಲಸಗಳು ತಪ್ಪದೆ ನಡೆಯುತ್ತಿವೆ. ಬೆಳಿಗ್ಗೆ ಮೂಲೆಯಲ್ಲಿ ಗುಡ್ಡೆ ಹಾಕಿದ ತರಗೆಲೆಗೆ ಬೆಂಕಿ ಬೀಳುತ್ತದೆ. ಸಂಜೆ ಹುಲ್ಲುಹಾಸಿನ ಮೇಲೆ ಪೈಪಿನಿಂದ ನೀರು ಹರಿಯುತ್ತದೆ. ಇವೆರಡನ್ನೂ ನಿಲ್ಲಿಸಿದರೆ ಉದ್ಯಾನ ಈಗಿರುವುದಕ್ಕಿಂತ ಚೆನ್ನಾಗಿರುತ್ತದೆ ಎಂಬುದು ಮೂರು ದಶಕ ಮನೆಯಂಗಳದಲ್ಲಿ ಕೈದೋಟ ಮಾಡಿದ ನನ್ನ ಅನುಭವ.

ಹಿಂಗಾರು ಮುಗಿದ ಮೇಲೆ ಮಾರ್ಚ್‌ವರೆಗೂ ಬೆಂಗಳೂರಿನಲ್ಲಿ ಹೇಳಿಕೊಳ್ಳುವಂಥ ಮಳೆ ಇರುವುದಿಲ್ಲವಾದ್ದರಿಂದ ಮಾಲಿಗಳು ನೀರಿನ ಚಿಂತೆ ಮಾಡುವುದು ಸಹಜವೇ. ಆದರೆ ಗರಿಕೆಯಾಗಲಿ, ಕೊರಿಯನ್ ಹುಲ್ಲಾಗಲಿ ಬೆಚ್ಚಗಿನ ಹವೆಯಲ್ಲಿ ಹುಲುಸಾಗುವ ಜಾತಿಯವು. ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿದಾಗ ಅವುಗಳ ಬೆಳವಣಿಗೆ ನಿಧಾನವಾಗಿ ಬಣ್ಣವೂ ತುಸು ಮಂಕಾಗುತ್ತದೆ. ಆ ಮಂಕನ್ನು ಬಾಯಾರಿಕೆಯೆಂದು ತಿಳಿದು ಸಂಜೆ ನೀರುಣಿಸಿದರೆ, ಅದರ ಮೇಲೆ ಇಬ್ಬನಿಯೂ ಬಿದ್ದು, ಹುಲ್ಲು ಬೆಳಗಿನವರೆಗೆ ಒದ್ದೆಯಾಗಿಯೇ ಉಳಿದು ಶಿಲೀಂಧ್ರ ರೋಗಕ್ಕೆ ದಾರಿಯಾಗುತ್ತದೆ. ಮಣ್ಣಿಗೆ ಬೆರಳೊತ್ತಿ ನೋಡಿ, ಒಣಗಿದ್ದರೆ ಮಾತ್ರ ಮೂರ್ನಾಲ್ಕು ದಿನಕ್ಕೊಮ್ಮೆ ಬೆಳಗಿನ ಹೊತ್ತು ಬೇರಿಗಿಳಿಯುವಷ್ಟು ನೀರು ಕೊಟ್ಟರೆ ಸಾಕು. ಹುಲ್ಲನ್ನು ಬುಡಮಟ್ಟಕ್ಕೆ ಕತ್ತರಿಸುವುದನ್ನೂ ಈ ತಿಂಗಳುಗಳಲ್ಲಿ ಬಿಡಬೇಕು. ಬೇರು ಮೇಲೆಯೇ ಇರುವ ಪೆಟೂನಿಯಾ, ಚೆಂಡುಹೂವಿನ ಪಾತಿಗಳ ಮಾತು ಬೇರೆ. 2024ರ ಮಾರ್ಚ್‌ನಲ್ಲಿ ಇದೇ ನಗರದಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದ್ದನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು.

ಇನ್ನು ಎಲೆಯ ವಿಚಾರ. ಚಳಿಗಾಲದ ಬೆಳಗಿನಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇಳದ ಕಾರಣ ಹೊಗೆಯೂ ಅಲ್ಲೇ ನಿಲ್ಲುತ್ತದೆ, ಅದೂ ವಯಸ್ಸಾದವರು ನಡಿಗೆಗೆ ಬರುವ ಹೊತ್ತಿಗೇ. ಬೀದಿ ಗುಡಿಸಿದ ಎಲೆಯನ್ನು ಸುಡಬಾರದು, ಉದ್ಯಾನದ ಕಸವನ್ನು ಸಾಧ್ಯವಾದಷ್ಟೂ ಉದ್ಯಾನದಲ್ಲೇ ಸಂಸ್ಕರಿಸಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಬಯಲಿನಲ್ಲಿ ಕಸ ಸುಡುವುದಕ್ಕೆ ದಂಡ ಗೊತ್ತುಮಾಡಿತು. ನಮ್ಮಲ್ಲಿ ಸುಡುತ್ತಿರುವುದಾದರೂ ಏನನ್ನು? ಹಳೇ ಮೈಸೂರಿನ ರೈತರು ಗದ್ದೆಗೆ ತುಳಿಯಲೆಂದು ಹೊತ್ತು ತರುತ್ತಿದ್ದ ಹೊಂಗೆಯ ಎಲೆಯನ್ನು! ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹರಡಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ. ಮಿಕ್ಕಿದ್ದನ್ನು ಗುಂಡಿಗೆ ಹಾಕಿ, ಸಗಣಿ ನೀರು ಚಿಮುಕಿಸಿ, ಆಗಾಗ ಮಗುಚುತ್ತಿದ್ದರೆ ಮುಂಗಾರಿನ ಹೊತ್ತಿಗೆ ಗೊಬ್ಬರ ಸಿದ್ಧವಾಗಿರುತ್ತದೆ.

ತಪ್ಪು ಮಾಲಿಗಳದಲ್ಲ. ಗುಡಿಸಿದ ಎಲೆ ಸಂಜೆಯೊಳಗೆ ಕಾಣಬಾರದು ಎಂದು ಹೇಳುವವರು, ಅದನ್ನು ಎಲ್ಲಿ ಹಾಕಬೇಕೆಂದು ಹೇಳಿಲ್ಲ. ಹೊಂಗೆ ಮರಗಳು ಇನ್ನೂ ಪೂರ್ತಿ ಎಲೆ ಉದುರಿಸಿಲ್ಲ. ಅಷ್ಟರೊಳಗೆ ಪ್ರತಿ ಉದ್ಯಾನದ ಹಿಂಬದಿಯಲ್ಲಿ ಎರಡು ಗುಂಡಿಗಳನ್ನು ತೆಗೆಸಿಕೊಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ಹಿರಿಯ ನಾಗರಿಕ, ಬೆಂಗಳೂರು