ಹೊಸ ಕ್ಲಬ್ಬಿಗೆ ಮಗನನ್ನು ಕಳಿಸುವ ಮುಂಚೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಮಗನಿಗೆ ಹೊಸ ಫುಟ್‌ಬಾಲ್ ಕ್ಲಬ್ಬೊಂದರ ಯೂತ್ ಟೀಮಿನಿಂದ ಕರೆ ಬಂದಿದೆ, ಕ್ಲಬ್ಬು ಶುರುವಾಗಿ ಇನ್ನೂ ಎರಡು ವರ್ಷ ತುಂಬಿಲ್ಲ, ನಂಬಬಹುದಾ ಅಂತ ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫುಟ್‌ಬಾಲ್ ಮಾತು ಬಂದರೆ ನಾನು ಎಲ್ಲಿಂದ ಎಲ್ಲಿಗೋ ಹೋಗುತ್ತೇನೆ, ನಿನಗೆ ಗೊತ್ತಲ್ವಾ. ಬರೆದರೆ ಸ್ವಲ್ಪ ಹಿಡಿತ ಇರುತ್ತದೆ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಕುಂಬಳೆ, ಉಪ್ಪಳದ ಕಡೆಯ ಬೇರೆ ಅಪ್ಪಂದಿರೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದಾರೆ.

ಹೊಸ ಕ್ಲಬ್ಬು ಅಂದ ಕೂಡಲೇ ನಮ್ಮ ಕಾಸರಗೋಡಿನ ಹಳಬರು ಎಫ್‌ಸಿ ಕೊಚ್ಚಿನ್ ಹೆಸರು ತೆಗೆಯುತ್ತಾರೆ. ಅವರ ಅನುಮಾನದಲ್ಲಿ ತಪ್ಪೇನಿಲ್ಲ. 1997ರಲ್ಲಿ ಅದು ಹುಟ್ಟಿದಾಗ ದೇಶದಲ್ಲಿ ಪೂರ್ತಿ ವೃತ್ತಿಪರ ಕ್ಲಬ್ಬು ಅನ್ನುವುದೇ ಹೊಸ ಮಾತು. ಐ.ಎಂ. ವಿಜಯನ್, ಜೋ ಪಾಲ್ ಅಂಚೇರಿಯಂಥ ದೊಡ್ಡ ಆಟಗಾರರೆಲ್ಲ ಅದರಲ್ಲಿದ್ದರು. ಹುಟ್ಟಿದ ವರ್ಷವೇ ಡುರಾಂಡ್ ಕಪ್ ಗೆದ್ದಿತು. ಆಮೇಲೆ? ದುಡ್ಡಿನ ಮುಗ್ಗಟ್ಟು ಶುರುವಾಗಿ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಮುಂದೆ ವಿವಾ ಕೇರಳ ಬಂತು, ಅದೇ ಚಿರಾಗ್ ಯುನೈಟೆಡ್ ಕೇರಳ ಅಂತ ಹೆಸರು ಬದಲಿಸಿಕೊಂಡಿತು. 2012ರಲ್ಲಿ ಅದು, ಆಗ ದೇಶದ ಮೊದಲ ದರ್ಜೆಯ ಲೀಗಾಗಿದ್ದ ಐ-ಲೀಗ್‌ನಿಂದ ಕೆಳಗೆ ಬಿತ್ತು. ಅದರ ಜೊತೆಗೇ ಕೆಳಗೆ ಬಿದ್ದದ್ದು ಯಾವುದು ಗೊತ್ತಾ? ನಿಮ್ಮ ಬೆಂಗಳೂರಿನ ಎಚ್‌ಎಎಲ್. ಒಂದೇ ಸಲಕ್ಕೆ ಎರಡು ರಾಜ್ಯವೂ ಖಾಲಿ. ನಡುವೆ ಕೂತ ನಮಗೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಹಾಗಾಗಿ ಮರುವರ್ಷ ಜೆಎಸ್‌ಡಬ್ಲ್ಯೂ ಕಂಪನಿ ಬೆಂಗಳೂರಿನಲ್ಲಿ ಕ್ಲಬ್ಬು ಮಾಡುತ್ತದೆ ಅಂದಾಗ ಇಲ್ಲಿ ಯಾರೂ ಕುಣಿಯಲಿಲ್ಲ. ಉಕ್ಕಿನ ಕಂಪನಿಗೆ ಚೆಂಡಿನ ಹತ್ತಿರ ಏನು ಕೆಲಸ ಅಂತ ಕೇಳಿದವರೇ ಜಾಸ್ತಿ. ಎರಡನೇ ಡಿವಿಷನ್ ಆಡದೆ ನೇರವಾಗಿ ಐ-ಲೀಗ್‌ಗೆ ಪ್ರವೇಶ ಸಿಕ್ಕಿದ್ದೂ ಕೆಲವರ ಕಣ್ಣು ಕೆಂಪು ಮಾಡಿತ್ತು. 2013ರ ಜುಲೈ 20ಕ್ಕೆ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಮ್ಯಾಚು ಸೆಪ್ಟೆಂಬರ್ 22ಕ್ಕೆ, ಅದೂ ಮೋಹನ್ ಬಾಗಾನ್ ಎದುರು. ಒಂದು ಕಡೆ ನೂರು ವರ್ಷ ದಾಟಿದ ಕ್ಲಬ್ಬು, ಇನ್ನೊಂದು ಕಡೆ ಎರಡು ತಿಂಗಳ ಕೂಸು. 1-1 ಡ್ರಾ. ಕ್ಲಬ್ಬಿನ ಮೊದಲ ಗೋಲು ಹೊಡೆದವನು ಆಸ್ಟ್ರೇಲಿಯಾದ ಶಾನ್ ರೂನಿ.

ಆ ಮೊದಲ ಸೀಸನ್ನಿನ ಮನೆ ಅಂಗಳ ಅಶೋಕನಗರದ ಹಳೆಯ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ನೀನು ಅದರ ಪಕ್ಕದಲ್ಲೇ ಎಷ್ಟೋ ಸಲ ಓಡಾಡಿರುತ್ತೀಯ, ಒಳಗೆ ಹೋಗಿರಲಿಕ್ಕಿಲ್ಲ. ಚಿಕ್ಕ ಸ್ಟೇಡಿಯಂ, ಕೃತಕ ಹುಲ್ಲು, ಮೇಲೆ ಕೂತರೂ ಆಟಗಾರರು ಒಬ್ಬರಿಗೊಬ್ಬರು ಕೂಗುವುದು ಕಿವಿಗೆ ಬೀಳುತ್ತದೆ. ನಾನು ರಾತ್ರಿ ರೈಲಿನಲ್ಲಿ ಬಂದು ಪಶ್ಚಿಮದ ಕಡೆಯ ಗ್ಯಾಲರಿಯಲ್ಲಿ ಕೂತಿದ್ದೆ. ಬೆಂಗಳೂರಿನ ನೀಲಿ ಅಂಗಿ ಹಾಕಿದ ಅಭಿಮಾನಿಗಳು ಡ್ರಮ್ಮು ಹಿಡಿದು ತೊಂಬತ್ತು ನಿಮಿಷವೂ ನಿಂತೇ ಇದ್ದರು. ಆ ಅಭಿಮಾನಿ ಬಳಗಕ್ಕೆ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನುವ ಹೆಸರು ಬಂದದ್ದು ಆ ಗ್ಯಾಲರಿಯಿಂದಲೇ. ನನ್ನ ಪಕ್ಕದಲ್ಲಿ ಆಸ್ಟಿನ್ ಟೌನಿನ ಒಬ್ಬ ಹಿರಿಯರು. ಅವರು ಡ್ರಮ್ಮಿನ ಕಡೆ ತಿರುಗಿಯೂ ನೋಡಲಿಲ್ಲ. ಚೆಂಡು ಎಲ್ಲೋ ಇರುವಾಗ ಅವರ ಕಣ್ಣು ಹಿಂದೆ ಡಿಫೆಂಡರುಗಳ ಮೇಲೆ. "ಎಂಬತ್ತನೇ ನಿಮಿಷ ಆಯ್ತು, ಇನ್ನೂ ಓಡ್ತಾನೇ ಇದಾರೆ ನೋಡಿ" ಅಂದರು. ಆ ಸೀಸನ್ನಿನ ಗುಟ್ಟೆಲ್ಲ ಆ ಮಾತಿನಲ್ಲೇ ಇತ್ತು.

ಕೋಚ್ ಆಶ್ಲೀ ವೆಸ್ಟ್‌ವುಡ್ ಇಂಗ್ಲೆಂಡಿನವನು, ಮ್ಯಾಂಚೆಸ್ಟರ್ ಯುನೈಟೆಡ್‌ನ ಯೂತ್ ಟೀಮಿನಲ್ಲಿ ಬೆಳೆದವನು. ಸುನಿಲ್ ಛೇತ್ರಿ ನಾಯಕ. ಛೇತ್ರಿ ಬಿಟ್ಟರೆ ಹೇಳಿಕೊಳ್ಳುವಂಥ ದೊಡ್ಡ ಹೆಸರು ಕಡಿಮೆ. ರಾಬಿನ್ ಸಿಂಗ್, ಥೋಯಿ ಸಿಂಗ್, ಗೋಲ್‌ಕೀಪರ್ ಪವನ್ ಕುಮಾರ್, ತ್ರಿಶ್ಶೂರಿನ ರಿನೋ ಆಂಟೋ, ಬೆಂಗಳೂರಿನವನೇ ಆದ ಶಂಕರ್ ಸಂಪಂಗಿರಾಜ್. ಹಿಂದೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ವೆಸ್ಟ್‌ವುಡ್ ಇವರಿಗೆ ಕೊಟ್ಟದ್ದು ಫಿಟ್‌ನೆಸ್ಸು, ಊಟದಲ್ಲಿ ಶಿಸ್ತು, ಎದುರಾಳಿಗಳ ಮ್ಯಾಚಿನ ವಿಡಿಯೊ. ಬೇರೆ ಟೀಮುಗಳು ಎಪ್ಪತ್ತೈದಕ್ಕೆ ಏದುಸಿರು ಬಿಡುವಾಗ ಇವರು ಮತ್ತೆ ಶುರುಮಾಡುತ್ತಿದ್ದರು. 13 ಟೀಮುಗಳ ಲೀಗು, 24 ಮ್ಯಾಚು, 47 ಪಾಯಿಂಟು. ಛೇತ್ರಿ ಒಬ್ಬನೇ 14 ಗೋಲು. 2014ರ ಏಪ್ರಿಲ್ 21ಕ್ಕೆ ಗೋವಾದ ಫತೋರ್ಡಾದಲ್ಲಿ ಡೆಂಪೋವನ್ನು 4-2ರಲ್ಲಿ ಸೋಲಿಸಿ, ಇನ್ನೂ ಒಂದು ಮ್ಯಾಚು ಬಾಕಿ ಇರುವಾಗಲೇ ಕಪ್ ಎತ್ತಿಕೊಂಡರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕೊಚ್ಚಿನ್ ಕೂಡ ಮೊದಲ ವರ್ಷ ಗೆದ್ದಿತು, ಬೆಂಗಳೂರು ಕೂಡ ಮೊದಲ ವರ್ಷ ಗೆದ್ದಿತು. ಒಂದು ಉಳಿಯಲಿಲ್ಲ, ಇನ್ನೊಂದು ಉಳಿಯಿತು. ಹಾಗಾಗಿ ಮೊದಲ ವರ್ಷದ ಕಪ್ಪನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡ. ನೀನು ಕಳಿಸಿದ ಫೋಟೋಗಳಲ್ಲಿ ಜೆರ್ಸಿ ಬಿಡುಗಡೆ ಇದೆ, ಸಿನಿಮಾದವರು ಇದ್ದಾರೆ, ಗಾಜಿನ ಪೆಟ್ಟಿಗೆಯಲ್ಲಿ ಕಪ್ಪೂ ಇದೆ. ಪ್ರ್ಯಾಕ್ಟೀಸ್ ಗ್ರೌಂಡಿನ ಫೋಟೋ ಒಂದೂ ಇಲ್ಲ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ.

ಬೆಂಗಳೂರಿನವರ ಎರಡನೇ, ಮೂರನೇ ವರ್ಷ ನೋಡು. ಗೆದ್ದ ಟೀಮನ್ನು ಹಾಗೇ ಇಟ್ಟುಕೊಂಡು ಕೂರಲಿಲ್ಲ. 2014ರಲ್ಲಿ ಹದಿನೆಂಟರ ಉದಾಂತ ಸಿಂಗ್‌ನನ್ನು ತಂದರು. ಶಿಲ್ಲಾಂಗಿನ ಯುಜೀನ್ಸನ್ ಲಿಂಗ್ಡೋ ಬಂದ. ನಮ್ಮ ಪಕ್ಕದ ಕಣ್ಣೂರಿನ ಸಿ.ಕೆ. ವಿನೀತ್ ಬಂದ. ಆಟ ಕಂಠೀರವಕ್ಕೆ ಹೋಯಿತು. 2015ರ ಜನವರಿಯಲ್ಲಿ ಫೆಡರೇಶನ್ ಕಪ್ ಗೆದ್ದರು. ಅದೇ ವರ್ಷ ಮೇ 31, ಲೀಗಿನ ಕೊನೇ ಮ್ಯಾಚು, ಮತ್ತೆ ಮೋಹನ್ ಬಾಗಾನ್. ಇವರಿಗೆ ಗೆಲುವೇ ಬೇಕು, ಅವರಿಗೆ ಡ್ರಾ ಸಾಕು. ಜಾನ್ಸನ್ ಮೊದಲರ್ಧದಲ್ಲೇ ಗೋಲು ಹೊಡೆದ. 87ನೇ ನಿಮಿಷದ ತನಕ ಕಪ್ ಕಂಠೀರವದಲ್ಲೇ ಇತ್ತು. ಬೆಲ್ಲೊ ರಜಾಕ್ ಹೆಡ್ಡರ್ ಹೊಡೆದ, 1-1, ಕಪ್ ಕೋಲ್ಕತ್ತಾಕ್ಕೆ. ಅವತ್ತು ರಾತ್ರಿ ನೀನು ಫೋನ್ ಮಾಡಿ ಬೇಕಂತಲೇ ನಗಾಡಿದ್ದು ನೆನಪಿದೆ ಮಾರಾಯಾ, ನಾನು ಮರೆತಿಲ್ಲ.

ಹೊಸ ಕ್ಲಬ್ಬುಗಳು ಸಾಮಾನ್ಯವಾಗಿ ಎಡವುವುದು ಇಂಥ ಸೋಲಿನ ಮರುದಿನ. ಯಜಮಾನರಿಗೆ ಸಿಟ್ಟು ಬರುತ್ತದೆ, ಕೋಚ್‌ನನ್ನು ತೆಗೆಯುತ್ತಾರೆ, ಅರ್ಧ ಟೀಮು ಮನೆಗೆ ಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ವೆಸ್ಟ್‌ವುಡ್ ಉಳಿದ. ಮರುವರ್ಷ 2016ರ ಏಪ್ರಿಲ್‌ನಲ್ಲಿ ಗೋವಾದ ಸಾಲ್ಗಾಂವ್ಕರ್ ಕ್ಲಬ್ಬನ್ನು 2-0ರಲ್ಲಿ ಸೋಲಿಸಿ ಲೀಗ್ ವಾಪಸು ತಂದುಕೊಟ್ಟ, ಆಮೇಲೆ ಹೋದ. ಅವನ ಜಾಗಕ್ಕೆ ಸ್ಪೇನಿನ ಆಲ್ಬರ್ಟ್ ರೋಕಾ ಬಂದ. ಕೋಚ್ ಬದಲಾದರೂ ಕೆಲಸ ನಿಲ್ಲಲಿಲ್ಲ. ಅದೇ ಅಕ್ಟೋಬರಿನಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೋಹೋರ್ ಟೀಮನ್ನು ಕಂಠೀರವದಲ್ಲಿ 3-1ಕ್ಕೆ ಕೆಡವಿದರು. ಛೇತ್ರಿಯದು ಎರಡು ಗೋಲು. ಆ ಕಪ್ಪಿನ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ಬು ಅದು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ 1-0ರಲ್ಲಿ ಸೋತರು, ಇರಲಿ.

ಇಲ್ಲೊಂದು ನಮ್ಮೂರ ತಮಾಷೆ ಹೇಳಲೇಬೇಕು. ಆ ನವೆಂಬರ್ 5ರ ದೋಹಾ ಫೈನಲ್ ಮುಗಿಸಿದ ವಿನೀತ್ ಅದೇ ತಿಂಗಳು ಹಳದಿ ಅಂಗಿ ಹಾಕಿಕೊಂಡು ಕೇರಳ ಬ್ಲಾಸ್ಟರ್ಸ್‌ಗೆ ಆಡಿದ. ಆಗ ಐ-ಲೀಗೂ ಐಎಸ್‌ಎಲ್ ಅಂದರೆ ಇಂಡಿಯನ್ ಸೂಪರ್ ಲೀಗೂ ಬೇರೆ ಬೇರೆ ತಿಂಗಳಲ್ಲಿ ನಡೆಯುತ್ತಿದ್ದವು, ಆಟಗಾರರು ಎರಡೂ ಕಡೆ ಓಡಾಡುತ್ತಿದ್ದರು. ಅರ್ಧ ಸೀಸನ್ನಿಗೆ ಬಂದವನು ಐದು ಗೋಲು ಹೊಡೆದ. ಕಾಸರಗೋಡಿನಲ್ಲಿ ನೀಲಿಯವನಾಗಿ ಬದುಕುವುದು ಕಷ್ಟ, ಇಡೀ ಪೇಟೆಯೇ ಹಳದಿ. ಆ ವರ್ಷ ಮಾತ್ರ ನನಗೂ ಅವರಿಗೂ ಒಬ್ಬನೇ ಹೀರೋ. ಡಿಸೆಂಬರ್ 18ರ ಫೈನಲ್ಲನ್ನು ಹೊಸ ಬಸ್ ಸ್ಟ್ಯಾಂಡಿನ ಹತ್ತಿರ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪ್ರೊಜೆಕ್ಟರಿನಲ್ಲಿ ತೋರಿಸಿದ್ದರು. ಮೆಹ್ತಾಬ್ ಹೊಸೇನ್ ಕಾರ್ನರ್ ಹಾಕಿದ, ಮೊಹಮ್ಮದ್ ರಾಫಿ ಎಗರಿ ತಲೆ ಕೊಟ್ಟ. ರಾಫಿ ಯಾರು? ನಮ್ಮ ತೃಕ್ಕರಿಪುರದವನು! ನಮ್ಮ ಜಿಲ್ಲೆಯ ಹುಡುಗ ಐಎಸ್‌ಎಲ್ ಫೈನಲ್‌ನಲ್ಲಿ ಗೋಲು ಹೊಡೆದ. ಚಾ ಗ್ಲಾಸು ಹಿಡಿದವರು ಅಲ್ಲೇ ಮೈಮೇಲೆ ಚೆಲ್ಲಿಕೊಂಡರು, ಒಬ್ಬರು ಮಲಯಾಳದಲ್ಲಿ ಕೂಗಿದರೆ ಇನ್ನೊಬ್ಬರು ತುಳುವಿನಲ್ಲಿ, ಮತ್ತೊಬ್ಬರು ಬ್ಯಾರಿಯಲ್ಲಿ. ಕೊನೆಗೆ ಪೆನಾಲ್ಟಿಯಲ್ಲಿ ಸೋತದ್ದು ಬೇರೆ ಕತೆ. ಅದೇ ರಾಫಿ 2018ರಲ್ಲಿ ಚೆನ್ನೈಯಿನ್ ಟೀಮಿನಲ್ಲಿದ್ದ, ಆ ಟೀಮು ಕಂಠೀರವದ ಫೈನಲ್‌ನಲ್ಲಿ ನನ್ನ ಬೆಂಗಳೂರನ್ನು 3-2ರಲ್ಲಿ ಸೋಲಿಸಿತು. ಯಾರಿಗೆ ಬಯ್ಯುವುದು ಹೇಳು.

2023ರ ಮಾರ್ಚ್‌ನ ಬೆಂಗಳೂರು-ಬ್ಲಾಸ್ಟರ್ಸ್ ಪ್ಲೇಆಫ್ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ. ಎದುರಿನವರು ಸಿದ್ಧವಾಗುವ ಮುಂಚೆಯೇ ಛೇತ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದ, ಬ್ಲಾಸ್ಟರ್ಸ್ ಟೀಮು ಸಿಟ್ಟಾಗಿ ಗ್ರೌಂಡು ಬಿಟ್ಟು ನಡೆಯಿತು. ಈ ಪತ್ರ ಊರಿನವರೂ ಓದುತ್ತಾರೆ, ನನಗೆ ನಾಳೆಯೂ ಪೇಟೆಗೆ ಹೋಗಬೇಕು.

ವಿಷಯಕ್ಕೆ ಬರುತ್ತೇನೆ. ಕ್ಲಬ್ಬಿನವರ ಹತ್ತಿರ ಹೋದಾಗ ಮೊದಲ ಟೀಮಿನ ಬಗ್ಗೆ ಕೇಳಬೇಡ, ಅದನ್ನು ಅವರೇ ಹೇಳುತ್ತಾರೆ. ಪ್ರ್ಯಾಕ್ಟೀಸ್ ಗ್ರೌಂಡು ಸ್ವಂತದ್ದಾ, ಬಾಡಿಗೆಯಾ, ವಾರದಲ್ಲಿ ಎಷ್ಟು ದಿನ ಸಿಗುತ್ತದೆ ಕೇಳು. ಬೆಂಗಳೂರು ಎಫ್‌ಸಿ ಅಷ್ಟು ದುಡ್ಡಿದ್ದೂ ಬಳ್ಳಾರಿ ಕಡೆ ವಿಜಯನಗರದಲ್ಲಿ ವಸತಿ ಅಕಾಡೆಮಿ ಶುರುಮಾಡಿದ್ದು 2017ರಲ್ಲಿ, ನಾಲ್ಕು ವರ್ಷ ಕಳೆದ ಮೇಲೆ. ಹಾಗಾಗಿ ಎರಡು ವರ್ಷದ ಕ್ಲಬ್ಬಿನಲ್ಲಿ ಎಲ್ಲ ಇರಬೇಕು ಅಂತ ನಾನು ಹೇಳುವುದಿಲ್ಲ. ಇಲ್ಲದ್ದನ್ನು ಇದೆ ಅನ್ನುತ್ತಾರಾ, ಅದನ್ನು ನೋಡು.

ಏಷ್ಯಾದ ಫುಟ್‌ಬಾಲ್ ಒಕ್ಕೂಟ ಎಎಫ್‌ಸಿಯ ಕ್ಲಬ್ ಲೈಸೆನ್ಸ್ ಅಂತ ಒಂದಿದೆ. ಯೂತ್ ಟೀಮು, ಗ್ರೌಂಡು, ಸಿಬ್ಬಂದಿ, ಕಾನೂನು, ಲೆಕ್ಕಪತ್ರ ಎಲ್ಲ ಅದರಲ್ಲಿ ಪರೀಕ್ಷೆಯಾಗುತ್ತದೆ. ಆಟಗಾರರ ಸಂಬಳ ಬಾಕಿ ಇಟ್ಟವರಿಗೆ ಅಲ್ಲಿ ತಲೆನೋವು. ನಿನ್ನವರು ಅದರ ಮಾತು ಎತ್ತಿದರೆ ಒಳ್ಳೆಯ ಲಕ್ಷಣ. ಹುಡುಗನ ಹೆಸರನ್ನು ದೇಶದ ಫುಟ್‌ಬಾಲ್ ಫೆಡರೇಶನ್ ಎಐಎಫ್‌ಎಫ್‌ನ ಆಟಗಾರರ ನೋಂದಣಿ ವ್ಯವಸ್ಥೆ ಸಿಆರ್‌ಎಸ್‌ನಲ್ಲಿ ನೋಂದಾಯಿಸುತ್ತಾರಾ ಅಂತಲೂ ಖಂಡಿತ ಕೇಳು. ನೋಂದಾಯಿಸದೆ ಸುಮ್ನೆ ಟ್ರಯಲ್ಸ್, ಕ್ಯಾಂಪು ಅಂತ ಫೀಸು ವಸೂಲಿ ಮಾಡುವವರೂ ಇದ್ದಾರೆ. ನಮ್ಮ ಕಡೆಯ ಒಂದು ಮನೆಯವರು ಹಾಗೆ ದುಡ್ಡು ಕಳೆದುಕೊಂಡಿದ್ದಾರೆ, ಹೆಸರು ಬೇಡ.

ಇನ್ನೊಂದು ವಿಷಯ, ಇದು ಮಗನಿಗೆ ಇಷ್ಟವಾಗಲಿಕ್ಕಿಲ್ಲ. ರಜೆಗೆ ಬಂದಾಗ ಅವನು ಇಲ್ಲಿ ಏಳೇಳು ಜನರ ಸೆವೆನ್ಸ್ ಫುಟ್‌ಬಾಲ್ ಆಡುತ್ತಾನಲ್ಲ, ಕೊಯ್ಲಾದ ಗದ್ದೆಯಲ್ಲಿ, ಅಡಿಕೆ ಮರದ ಕಾಂಡ ಕಟ್ಟಿ ಮಾಡಿದ ಗ್ಯಾಲರಿ ಮುಂದೆ. ಕಳೆದ ಸಲ ಮೊಗ್ರಾಲಿನ ಹುಡುಗರ ಎದುರು ಆಡಿದ್ದನ್ನು ನಾನೇ ನೋಡಿದೆ, ಎಡಗಾಲು ಚೆನ್ನಾಗಿದೆ. ಆದರೆ ಕ್ಲಬ್ಬಿನ ಕರಾರಿಗೆ ಸಹಿ ಬಿದ್ದ ಮೇಲೆ ಸಾಮಾನ್ಯವಾಗಿ ಸೆವೆನ್ಸ್ ಆಡುವ ಹಾಗಿಲ್ಲ. ಗದ್ದೆಯ ಗುಂಡಿಯಲ್ಲಿ ಮೊಣಕಾಲು ತಿರುಚಿದರೆ ಕ್ಲಬ್ಬು ಕೈ ತೊಳೆದುಕೊಳ್ಳುತ್ತದೆ. ಅದನ್ನು ಈಗಲೇ ಅವನಿಗೆ ಹೇಳು. ಕ್ಲಬ್ಬಿಗೆ ಆಡುವಾಗಲೇ ಪೆಟ್ಟಾದರೆ ಆಪರೇಷನ್ ಖರ್ಚು ಯಾರದ್ದು, ಅದನ್ನು ಕರಾರಿನಲ್ಲೇ ಬರೆಸಿಕೋ. ಬಾಯಿಮಾತು ಬೇಡ.

ನನ್ನನ್ನು ಕೇಳಿದರೆ, ಗ್ರೌಂಡೂ ಕಾಗದವೂ ಸರಿ ಇದ್ದರೆ ಕಳಿಸು. ಹೊಸ ಕ್ಲಬ್ಬಿನಲ್ಲಿ ಹದಿನಾರರ ಹುಡುಗನಿಗೆ ಆಡಲು ಜಾಗ ಸಿಗುತ್ತದೆ, ಹಳೆಯ ಕ್ಲಬ್ಬಿನಲ್ಲಿ ಬೆಂಚಿನಲ್ಲಿ ಕೂತು ಮೀಸೆ ಬರಬೇಕು. ಒಂದೇ ಮಾತು, ಶಾಲೆ ಬಿಡಿಸಬೇಡ. ಶಾಲೆಯೂ ನಡೆಯುವ ಹಾಗೆ ಸಮಯ ಹೊಂದಿಸಿ ಕೊಡದಿದ್ದರೆ ಅಲ್ಲಿಗೆ ಬೇಡವೇ ಬೇಡ.

ನಮ್ಮ ಜಿಲ್ಲೆಗೆ ದೊಡ್ಡ ಲೀಗಿನಲ್ಲಿ ಆಡುವ ಒಂದು ಕ್ಲಬ್ಬೂ ಇಲ್ಲ. 2024ರಲ್ಲಿ ಸೂಪರ್ ಲೀಗ್ ಕೇರಳ ಶುರುವಾದಾಗ ಆರು ಟೀಮು ಬಂತು, ತಿರುವನಂತಪುರದಿಂದ ಹೊರಟು ಕಣ್ಣೂರಿಗೆ ನಿಂತಿತು. ಕಣ್ಣೂರಿನ ಟೀಮು ಕೂಡ ಮೊದಲ ಸೀಸನ್ನಿನಲ್ಲಿ ಮನೆಯ ಆಟವನ್ನು ಕೋಯಿಕ್ಕೋಡಿನಲ್ಲಿ ಆಡಿತು. ತೃಕ್ಕರಿಪುರ, ಮೊಗ್ರಾಲಿನಂಥ ಊರು ಇಟ್ಟುಕೊಂಡು ನಾವು ಪಕ್ಕದ ಜಿಲ್ಲೆಗೆ ಚಪ್ಪಾಳೆ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ. ಅದರ ಬಗ್ಗೆ ಬೇರೆಯೇ ಬರೆಯುತ್ತೇನೆ, ಇಲ್ಲದಿದ್ದರೆ ಇದು ಮುಗಿಯುವುದಿಲ್ಲ.

ಕರಾರಿನ ಪ್ರತಿ ಕೈಗೆ ಬಂದ ಕೂಡಲೇ ಎಲ್ಲ ಪುಟದ ಫೋಟೋ ತೆಗೆದು ಕಳಿಸು, ಹಿಂದಿನ ಪುಟದ ಸಣ್ಣ ಅಕ್ಷರದ್ದೂ ಸೇರಿ. ನನ್ನ ಭಾವ ವಕೀಲರು, ಅವರಿಗೆ ತೋರಿಸುತ್ತೇನೆ. ಅಲ್ಲಿಯವರೆಗೆ ಎಲ್ಲಿಯೂ ಸಹಿ ಹಾಕಬೇಡ.

ನಿನ್ನ,
ಕಾಸರಗೋಡಿನ ನೀಲಿಯವ